ಬಿಸಿಎಎ ಪುಡಿಯೋ, ಇಎಎ ಪುಡಿಯೋ?

ಸ್ನಾಯು ಬೆಳೆಸಲೆಂದು ನೀರಿಗೆ ಬೆರೆಸಿ ಕುಡಿಯುವ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳ, ಪುಡಿಗಳಿವು. ಎರಡು ಡಬ್ಬಿಗಳ ಮೇಲೂ ದೊಡ್ಡದಾಗಿ ಕಾಣುವ ಹೆಸರು ಲ್ಯೂಸಿನ್, ಅಂಥದ್ದೇ ಒಂದು ಅಮೈನೋ ಆಮ್ಲ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು 9. ಬಿಸಿಎಎಯಲ್ಲಿ (ಬ್ರಾಂಚ್ಡ್ ಚೈನ್ ಅಮೈನೋ ಆಸಿಡ್ಸ್) ಇರುವುದು ಮೂರೇ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಸಾಮಾನ್ಯವಾಗಿ 2:1:1 ಪ್ರಮಾಣದಲ್ಲಿ. ಇಎಎಯಲ್ಲಿ (ಎಸೆನ್ಷಿಯಲ್, ಅಂದರೆ ಅತ್ಯಗತ್ಯ ಅಮೈನೋ ಆಮ್ಲಗಳು) ಒಂಬತ್ತೂ ಇರುತ್ತವೆ.

ಲ್ಯೂಸಿನ್ ಕೆಲಸ ನಿಜಕ್ಕೂ ದೊಡ್ಡದು. ಸ್ನಾಯುವಿನ ಜೀವಕೋಶದೊಳಗೆ ಎಂಟಾರ್ ಎಂಬ ವ್ಯವಸ್ಥೆಯನ್ನು ಎಬ್ಬಿಸಿ, 'ಪ್ರೋಟೀನ್ ಕಟ್ಟಲು ಶುರುಮಾಡಿ' ಎಂದು ಹೇಳುವುದೇ ಅದು. ಆದರೆ ಮೇಸ್ತ್ರಿ ಕೂಗಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ, ಇಟ್ಟಿಗೆಯೂ ಬೇಕು ಅಲ್ವಾ? ಉಳಿದ ಆರು ಹೊಟ್ಟೆಯಿಂದ ಬರದಿದ್ದರೆ, ದೇಹ ಇರುವ ಸ್ನಾಯುವನ್ನೇ ಒಡೆದು ಅವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದೇ ಅಂದರೆ ನನ್ನ ಆಯ್ಕೆ ಇಎಎ.

ರುಚಿ? ಎರಡೂ ಕಹಿಯೇ. ಲ್ಯೂಸಿನ್‌ಗೂ ನೀರಿಗೂ ಆಗಿಬರುವುದಿಲ್ಲ. ಎಷ್ಟು ಕುಲುಕಿದರೂ ಬಿಳಿ ಪುಡಿ ಮೇಲೆ ತೇಲುತ್ತದೆ, ಲೋಟದ ಅಂಚಿಗೆ ಅಂಟುತ್ತದೆ.

ಊಟದಲ್ಲೇ ಪ್ರೋಟೀನ್ ಸಾಕಷ್ಟಿದ್ದರೆ ಎರಡೂ ಬೇಡ, ಸುಮ್ನೆ ದುಡ್ಡು ದಂಡ. 25 ಗ್ರಾಂ ಹಾಲಿನ ಪ್ರೋಟೀನ್‌ನಲ್ಲೇ ಸುಮಾರು 2.5 ಗ್ರಾಂ ಲ್ಯೂಸಿನ್ ಸಿಗುತ್ತದೆ, ಜೊತೆಗೆ ಉಳಿದ ಎಂಟೂ. ಊಟ ಜಾಸ್ತಿ ಸೇರದ ವಯಸ್ಸಾದವರಿಗೆ ಇಎಎ ಉಪಯೋಗಕ್ಕೆ ಬರಬಹುದು, ವೈದ್ಯರನ್ನು ಕೇಳಿಯೇ ಕೊಡಿ.

ಒಂದು ಎಚ್ಚರಿಕೆ: ಫಿನೈಲ್‌ಕೀಟೋನ್ಯೂರಿಯಾ (ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ಅರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇರುವವರು ಇಎಎ ಮುಟ್ಟಬಾರದು, ಅದರಲ್ಲಿ ಫಿನೈಲ್‌ಅಲನಿನ್ ಇದೆ.