ಸಣ್ಣ ವಿಮಾನಕ್ಕೆ ಯಾವ ಕೂಲಿಂಗ್ ಗ್ಲಾಸ್? ಐದು ಕನ್ನಡಕ ಹಾಕಿ ನೋಡಿದ ಮೇಲೆ

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಸಂಜೆ ಐದರ ಮೇಲೆ ರನ್‌ವೇ 26ಕ್ಕೆ ಇಳಿಯುವುದೆಂದರೆ ಸೂರ್ಯನಿಗೆ ಎದುರಾಗಿ ಇಳಿಯುವುದು. 26 ಅಂದರೆ ದಿಕ್ಸೂಚಿಯ 260 ಡಿಗ್ರಿ, ಹೆಚ್ಚುಕಡಿಮೆ ಪಡುವಣ. ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಗೆ ತಿರುಗಿದ ಕೂಡಲೇ ಬಿಸಿಲು ವಿಂಡ್‌ಶೀಲ್ಡ್ ತುಂಬಾ ಹರಡಿಕೊಳ್ಳುತ್ತದೆ. ಅದರ ಮೇಲಿನ ಒಂದೊಂದು ಗೀರೂ ಹೊಳೆಯುತ್ತದೆ. ರನ್‌ವೇ ಹುಡುಕುವ ಹೊತ್ತಿಗೆ ಕಣ್ಣಲ್ಲಿ ನೀರು. ತರಬೇತಿಯ ಶುರುವಿನಲ್ಲಿ ಹೀಗೆ ಕಣ್ಣು ಕಿರಿದು ಮಾಡಿಕೊಂಡು ಇಳಿಸುತ್ತಿದ್ದ ನನಗೆ ಇನ್‌ಸ್ಟ್ರಕ್ಟರ್ ಹೇಳಿದ್ದು ಒಂದೇ ಮಾತು: “ಮೊದಲು ಒಳ್ಳೇ ಕೂಲಿಂಗ್ ಗ್ಲಾಸ್ ತಗೋ, ಆಮೇಲೆ ಲ್ಯಾಂಡಿಂಗ್ ಸರಿ ಮಾಡೋಣ.”

ಒಳ್ಳೇದು ಯಾವುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ಎರಡು ವರ್ಷದಲ್ಲಿ ಐದು ಬಗೆಯ ಕನ್ನಡಕ ಹಾಕಿ ಹಾರಿ ನೋಡಿದೆ. ಕೆಲವು ನನ್ನವು, ಕೆಲವು ಎರವಲು. ಎಲ್ಲವನ್ನೂ ಸೆಸ್ನಾ 152 ಅನ್ನುವ ಎರಡು ಸೀಟಿನ ಸಣ್ಣ ವಿಮಾನದಲ್ಲಿ, ಅದೇ ಹೆಡ್‌ಸೆಟ್ ಹಾಕಿಕೊಂಡು ನೋಡಿದ್ದೇನೆ. ನನಗೆ ಮೈನಸ್ 1.75 ಪವರ್ ಇದೆ. ಪವರ್ ಇಲ್ಲದ ಕನ್ನಡಕಗಳ ಸರದಿ ಬಂದಾಗ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ದೂರದ ಹದ್ದು ಅಥವಾ ಬೇರೆ ವಿಮಾನ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ, ಮುಂದಿರುವ ಮೀಟರುಗಳ ಪ್ಯಾನೆಲ್ ಓದಲು ಆಗುತ್ತದಾ, ಬಣ್ಣಗಳು ಇದ್ದ ಹಾಗೇ ಕಾಣುತ್ತವಾ, ಹೆಡ್‌ಸೆಟ್ ಕೆಳಗೆ ಒಂದು ಗಂಟೆ ಇಟ್ಟರೆ ತಲೆ ನೋಯುತ್ತದಾ: ನಾನು ನೋಡಿದ್ದು ಇಷ್ಟೇ.

ಮೊದಲನೆಯದು, ಕಾರಿಗೆ ಅಂತ ಕೊಂಡಿದ್ದ ಪೋಲರೈಸ್ಡ್ ಕನ್ನಡಕ. ಆರೂವರೆ ಸಾವಿರ ಕೊಟ್ಟಿದ್ದೆ. ತುಮಕೂರು ರಸ್ತೆಯಲ್ಲಿ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಟಾರು ರಸ್ತೆ, ನಿಂತ ನೀರು, ಕಾರಿನ ಬಾನೆಟ್ಟು, ಇವುಗಳ ಮೇಲೆ ಬಿದ್ದು ಎದ್ದು ಬರುವ ಬೆಳಕು ಬಹುಪಾಲು ಅಡ್ಡಡ್ಡವಾಗಿ ಕಂಪಿಸುತ್ತಿರುತ್ತದೆ. ಪೋಲರೈಸ್ಡ್ ಲೆನ್ಸ್ ಆ ಅಡ್ಡ ಬೆಳಕನ್ನು ಆರಿಸಿ ತಡೆಯುತ್ತದೆ. ಹಾಗಾಗಿ ಕಣ್ಣು ಕುಕ್ಕುವ ಹೊಳಪು ಮಾಯ, ರಸ್ತೆ ಮಾತ್ರ ಸ್ಪಷ್ಟ.

ವಿಮಾನದಲ್ಲಿ ಇದೇ ಗುಣ ತೊಂದರೆ ಕೊಟ್ಟಿತು. ಟ್ಯಾಕ್ಸಿ ಮಾಡುವಾಗಲೇ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗಲೇ, ವಿಂಡ್‌ಶೀಲ್ಡ್ ಮೇಲೆ ನೀರಿಗೆ ಸೀಮೆಎಣ್ಣೆ ಬಿದ್ದ ಹಾಗೆ ಬಣ್ಣದ ಪಟ್ಟೆಗಳು ಕಾಣಿಸಿದವು. ಸಣ್ಣ ವಿಮಾನದ ವಿಂಡ್‌ಶೀಲ್ಡ್ ಗಾಜಿನದಲ್ಲ, ಅಕ್ರಿಲಿಕ್ ಹಾಳೆಯದು. ಅದನ್ನು ಬಗ್ಗಿಸಿ ಕೂರಿಸುವಾಗ ಒಳಗೆ ಬಿಗಿತ ಉಳಿದುಬಿಡುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಆಕಾಶದ ಬೆಳಕು ಮೊದಲೇ ಸ್ವಲ್ಪ ಪೋಲರೈಸ್ ಆಗಿರುತ್ತದೆ, ಅಂದರೆ ಒಂದು ದಿಕ್ಕಿನಲ್ಲೇ ಹೆಚ್ಚಾಗಿ ಕಂಪಿಸುತ್ತಿರುತ್ತದೆ. ಅದು ಆ ಬಿಗಿತದ ಮೂಲಕ ಬಂದು ಪೋಲರೈಸ್ಡ್ ಲೆನ್ಸ್ ದಾಟುವಾಗ ಬಣ್ಣ ಬಣ್ಣದ ಪಟ್ಟೆಯಾಗುತ್ತದೆ. ಆಮೇಲೆ ಟ್ಯಾಬ್ಲೆಟ್ಟಿನ ಸರದಿ. ಮೊಣಕಾಲಿನ ಮೇಲೆ ಅಡ್ಡ ತಿರುಗಿಸಿ ಇಟ್ಟರೆ ಪರದೆ ಪೂರ್ತಿ ಕಪ್ಪು. ರೇಡಿಯೋದ ಅಂಕಿಗಳು ತಲೆ ಓರೆ ಮಾಡಿದಾಗೆಲ್ಲ ಮಸುಕಾಗುತ್ತಿದ್ದವು.

ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ನನ್ನನ್ನು ಹೆದರಿಸಿದ್ದು ಬೇರೆ. ನಂದಿ ಬೆಟ್ಟದ ಕಡೆಯಿಂದ ಮರಳುತ್ತಿದ್ದಾಗ ಇನ್‌ಸ್ಟ್ರಕ್ಟರ್ “ಟ್ರಾಫಿಕ್, ಟೂ ಓ ಕ್ಲಾಕ್” ಅಂದರು. ಮುಂದೆ ಬಲಗಡೆ ಇನ್ನೊಂದು ವಿಮಾನ ಇದೆ ಅಂತ ಅರ್ಥ. ನನಗೆ ಏನೂ ಕಾಣಲಿಲ್ಲ. “ಮಿಂಚ್ತಲ್ಲ, ನೋಡ್ಲಿಲ್ವಾ?” ಅಂತ ಕೇಳಿದರು. ಕನ್ನಡಕ ಹಣೆಗೆ ಏರಿಸಿ ನೋಡಿದೆ. ರೆಕ್ಕೆಯ ಮೇಲೆ ಬಿಸಿಲು ಒಂದು ಸಲ ಮಿಂಚಿತು, ಅಲ್ಲಿ ವಿಮಾನ ಇತ್ತು. ಗಾಳಿಯಲ್ಲಿ ಇನ್ನೊಂದು ವಿಮಾನ ಮೊದಲು ಕಾಣುವುದು ಎಷ್ಟೋ ಸಲ ಆ ಒಂದು ಮಿಂಚಿನಿಂದಲೇ. ರಸ್ತೆಯ ಮೇಲೆ ಯಾವುದು ಬೇಡದ ಹೊಳಪೋ, ಮೇಲೆ ಅದೇ ಸುಳಿವು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ಪೈಲಟ್‌ಗಳಿಗೆ ಪೋಲರೈಸ್ಡ್ ಬೇಡ ಅಂತ ಹೇಳುವುದೂ ಇದೇ ಕಾರಣಗಳಿಗೆ. ಆವತ್ತಿನಿಂದ ಆ ಕನ್ನಡಕ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ.

ಎರಡನೆಯದು, ಬಿಸಿಲಿಗೆ ಬಂದರೆ ತಾನೇ ಕಪ್ಪಾಗುವ ಫೋಟೋಕ್ರೊಮಿಕ್. ಪವರ್ ಇರುವವರಿಗೆ ಇದು ದೊಡ್ಡ ಆಸೆ ಅಲ್ವಾ? ಒಂದೇ ಕನ್ನಡಕ, ಒಳಗೂ ಹೊರಗೂ. ನಾನೂ ಅದನ್ನೇ ನಂಬಿದ್ದೆ. ಆದರೆ ಈ ಲೆನ್ಸ್ ಕಪ್ಪಾಗುವುದು ನೇರಳಾತೀತ ಕಿರಣ ತಾಗಿದರೆ. ವಿಮಾನದ ಕಿಟಕಿ ಅದರಲ್ಲಿ ಒಂದು ಪಾಲನ್ನು ಮೊದಲೇ ತಡೆದುಬಿಡುತ್ತದೆ. ಜೊತೆಗೆ ಸೆಸ್ನಾದ ರೆಕ್ಕೆ ತಲೆಯ ಮೇಲೆ ಇರುವುದರಿಂದ ನಾವು ಕೂರುವುದು ನೆರಳಲ್ಲಿ. ವಿಮಾನ ನಿಲ್ಲಿಸುವ ಆಪ್ರನ್ ಮೇಲೆ ನಡೆಯುವಾಗ ಚೆನ್ನಾಗಿ ಕಪ್ಪಾಗಿದ್ದ ಲೆನ್ಸ್, ಬಾಗಿಲು ಹಾಕಿ ಹತ್ತು ನಿಮಿಷಕ್ಕೆ ಅರ್ಧಂಬರ್ಧ ಆಗುತ್ತಿತ್ತು. ಸೆಕೆ ಜಾಸ್ತಿ ಇದ್ದರೆ ಇವು ಇನ್ನೂ ಕಡಿಮೆ ಕಪ್ಪಾಗುತ್ತವೆ. ಏಪ್ರಿಲ್ ಮಧ್ಯಾಹ್ನ, ಎಲ್ಲಕ್ಕಿಂತ ಬೇಕಾದ ಹೊತ್ತಿನಲ್ಲಿ ಅದು ಕೈಕೊಟ್ಟಿತು. ಉಲ್ಟಾ ಕಷ್ಟವೂ ಇದೆ. ಬಿಸಿಲಿನಿಂದ ಮೋಡದ ನೆರಳಿಗೆ ಇಳಿದರೆ ಲೆನ್ಸ್ ತಿಳಿಯಾಗಲು ಕೆಲವು ನಿಮಿಷ ಬೇಕು, ಆ ಹೊತ್ತಿಗೆ ನಾವು ಇಳಿಯಲು ರನ್‌ವೇ ಸುತ್ತ ಹಾರುವ ಸರ್ಕ್ಯೂಟ್‌ನಲ್ಲಿ ಇರುತ್ತೇವೆ. ತೆರೆದ ಮೈಕ್ರೋಲೈಟ್ ಹಾರಿಸುವ ಗೆಳೆಯನಿಗೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತಿದೆ. ಅವನಿಗೂ ಬಿಸಿಲಿಗೂ ನಡುವೆ ಕಿಟಕಿ ಇಲ್ಲವಲ್ಲ.

ಮೂರನೆಯದು ಕ್ರಿಕೆಟ್ ಆಡುವವರು ಹಾಕುವಂಥ, ಮುಖವನ್ನು ಸುತ್ತಿಕೊಳ್ಳುವ ಕಂದು ಬಣ್ಣದ ಪಾಲಿಕಾರ್ಬೊನೇಟ್ ಕನ್ನಡಕ. ಇದರ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸು. ಡಿಸೆಂಬರ್, ಜನವರಿಯ ಬೆಳಗ್ಗೆ ಬೆಂಗಳೂರಿನ ಮೇಲೆ ಮಬ್ಬು ಕವಿದಿರುತ್ತದೆ, ಗೊತ್ತಲ್ಲ. ದಿಗಂತ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಆ ಮಬ್ಬಿನಲ್ಲಿ ನೀಲಿ ಬೆಳಕು ಚದುರಿರುತ್ತದೆ. ಕಂದು ಲೆನ್ಸ್ ನೀಲಿಯನ್ನು ಕಡಿಮೆ ಮಾಡುವುದರಿಂದ ಹದ್ದುಗಳು ಎದ್ದು ಕಾಣುತ್ತವೆ. ಐದರಲ್ಲಿ ಹದ್ದು ಎಲ್ಲಕ್ಕಿಂತ ಬೇಗ ಕಂಡಿದ್ದು ಇದರಲ್ಲೇ. ಮೂರು ಸಾವಿರ ಅಡಿ ಎತ್ತರದ ಈ ಊರಿನಲ್ಲಿ ಹದ್ದುಗಳು ಎಷ್ಟಿವೆ ಅಂತ ಇಲ್ಲಿ ಹಾರಿಸಿದವರಿಗೆ ಹೇಳಬೇಕಿಲ್ಲ.

ಆದರೆ ನನ್ನದು ಸ್ವಲ್ಪ ಗಾಢ ಕಂದು, ಕೇಸರಿಯ ಕಡೆಗೆ ವಾಲಿದ್ದು. ವೇಗ ತೋರಿಸುವ ಏರ್‌ಸ್ಪೀಡ್ ಇಂಡಿಕೇಟರ್ ಮೇಲೆ ಬಿಳಿ, ಹಸಿರು, ಹಳದಿ ಪಟ್ಟಿ, ಕೊನೆಗೆ ಕೆಂಪು ಗೆರೆ ಇರುತ್ತದೆ. ಈ ಕನ್ನಡಕದಲ್ಲಿ ಬಿಳಿಯೂ ಹಳದಿಯೂ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ರೇಡಿಯೋ ಕೆಟ್ಟರೆ ನಿಲ್ದಾಣದ ಕಂಟ್ರೋಲ್ ಟವರಿನವರು ಕೆಂಪು, ಹಸಿರು, ಬಿಳಿ ದೀಪ ತೋರಿಸಿ ಹೇಳುತ್ತಾರೆ. ಆಗ ಬಣ್ಣದ ಬಗ್ಗೆ ಅನುಮಾನ ಬರಬಾರದು. ತಿಳಿ ಕಂದಾದರೆ ಈ ಕಷ್ಟ ಕಡಿಮೆ. ಹಳದಿ, ಕೇಸರಿ, ನೀಲಿ ಲೆನ್ಸ್ ಬೇಡವೇ ಬೇಡ.

ಇನ್ನೊಂದು ತೊಂದರೆ ಅದರ ಕಡ್ಡಿ. ಕಿವಿಯ ಹತ್ತಿರ ಬೆರಳಷ್ಟು ದಪ್ಪ. ಹೆಡ್‌ಸೆಟ್‌ನ ಮೆತ್ತೆ ಕೆನ್ನೆಗೂ ತಲೆಗೂ ಒತ್ತಿಕೊಂಡಿದ್ದರೆ ಮಾತ್ರ ಸದ್ದು ಹೊರಗೆ ನಿಲ್ಲುತ್ತದೆ. ದಪ್ಪ ಕಡ್ಡಿ ಆ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ. ರನ್-ಅಪ್‌ಗೆ, ಅಂದರೆ ಹಾರುವ ಮುಂಚಿನ ಎಂಜಿನ್ ಪರೀಕ್ಷೆಗೆ ಅಂತ ಎಂಜಿನ್ 1700 ಆರ್‌ಪಿಎಂಗೆ ತಂದಾಗ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದೆ. ವ್ಯತ್ಯಾಸ ಕಿವಿಗೆ ಸ್ಪಷ್ಟ. ಟವರಿನ ಮಾತು ಕೇಳಲು ವಾಲ್ಯೂಮ್ ಏರಿಸಬೇಕಾಯಿತು. ನಲವತ್ತು ನಿಮಿಷಕ್ಕೆ ಕಿವಿಯ ಮೇಲಿನ ಮೂಳೆ ನೋಯಲು ಶುರು. ನೋವಿದ್ದಾಗ ಗಮನ ಅಲ್ಲಿಗೇ ಹೋಗುತ್ತದೆ, ರೇಡಿಯೋ ಕರೆ ತಪ್ಪುತ್ತದೆ. ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತಾಗ ಈ ವಿಷಯ ಯಾರ ತಲೆಗೂ ಬರುವುದಿಲ್ಲ. ನನ್ನ ಪ್ರಕಾರ ಲೆನ್ಸಿನಷ್ಟೇ ಮುಖ್ಯ ಕಡ್ಡಿ.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಏವಿಯೇಟರ್ ಆಕಾರ, ಹಸಿರು ಬೂದು ಬಣ್ಣದ ಗಾಜಿನ ಲೆನ್ಸ್. ಹಿರಿಯ ಪೈಲಟ್ ಒಬ್ಬರು ಎರಡು ವಾರಕ್ಕೆ ಕೊಟ್ಟಿದ್ದರು. ಈ ಆಕಾರ ಹುಟ್ಟಿದ್ದೇ ಪೈಲಟ್‌ಗಳಿಗಾಗಿ. 1930ರ ದಶಕದಲ್ಲಿ ಅಮೆರಿಕದ ಬಾಷ್ ಅಂಡ್ ಲಾಂಬ್ ಕಂಪನಿ ಇದನ್ನು ರೂಪಿಸಿ ರೇ-ಬ್ಯಾನ್ ಹೆಸರಿನಲ್ಲಿ ಮಾರಿತು. ಕೆಳಗೆ ಇಳಿಬಿದ್ದ ಹನಿಯಂಥ ಲೆನ್ಸ್, ಕಣ್ಣು ತಗ್ಗಿಸಿ ಪ್ಯಾನೆಲ್ ನೋಡುವಾಗಲೂ ಬೆಳಕು ತೂರದ ಹಾಗೆ ಮುಚ್ಚುತ್ತದೆ. ಲೆನ್ಸಿನ ಬಣ್ಣಕ್ಕೆ ಜಿ-15 ಅಂತ ಹೆಸರು. ಜಿ ಅಂದರೆ ಹಸಿರು, 15 ಅಂದರೆ ನೂರರಲ್ಲಿ 15 ಪಾಲು ಬೆಳಕು ಮಾತ್ರ ಒಳಗೆ.

ನೋಟದ ವಿಷಯದಲ್ಲಿ ಇದರ ಮೇಲೆ ದೂರಿಲ್ಲ. ಬಣ್ಣ ಬಣ್ಣವಾಗೇ ಕಾಣುತ್ತದೆ. ಗಾಜಿನ ಸ್ಪಷ್ಟತೆಯೇ ಬೇರೆ, ಗೀರೂ ಸುಲಭಕ್ಕೆ ಬೀಳುವುದಿಲ್ಲ. ಸಂಜೆ 26ರ ಫೈನಲ್‌ನಲ್ಲಿ ರನ್‌ವೇಯ ಅಂಚು ಕಂಡಿತು, ಕಣ್ಣಲ್ಲಿ ನೀರು ಬರಲಿಲ್ಲ. ಆದರೆ ಗಾಜು ಭಾರ. ಹೆಡ್‌ಸೆಟ್ ಒತ್ತಿದರೆ ಮೂಗಿನ ಮೇಲೆ ಎರಡು ಕೆಂಪು ಗುಳಿ. ಕಿವಿಯ ಹಿಂದೆ ಕೊಕ್ಕೆಯಾಗಿ ಬಗ್ಗುವ ಕಡ್ಡಿಯಿಂದಾಗಿ, ಹೆಡ್‌ಸೆಟ್ ಹಾಕಿಕೊಂಡ ಮೇಲೆ ಕನ್ನಡಕ ತೆಗೆಯುವುದು ಎರಡು ಕೈಯ ಕೆಲಸ. ಒಂದು ಕೈ ಸದಾ ಯೋಕ್ ಮೇಲೆ, ಅಂದರೆ ವಿಮಾನದ ಸ್ಟೀರಿಂಗ್ ಮೇಲೆ ಇರಬೇಕಲ್ಲ. ಮೋಡ ಕವಿದು ಮಬ್ಬಾದ ಸಂಜೆ ಒಂದು ದಿನ ಪ್ಯಾನೆಲ್ಲೂ ಕತ್ತಲಾಯಿತು. ತೆಗೆಯಬೇಕು, ತೆಗೆಯಲು ಆಗಲಿಲ್ಲ.

ಐದನೆಯದು ಇದೇ ಪಾಠದಿಂದ ಹುಟ್ಟಿದ್ದು. ಸೇನೆಯ ಪೈಲಟ್‌ಗಳ ಕನ್ನಡಕಕ್ಕೆ ಕಡ್ಡಿ ನೇರವಾಗಿರುತ್ತದೆ, ಕಿವಿಗೆ ಸುತ್ತುವುದಿಲ್ಲ. ಹೆಲ್ಮೆಟ್ಟಾಗಲಿ ಹೆಡ್‌ಸೆಟ್ಟಾಗಲಿ ಹಾಕಿಕೊಂಡೇ ಒಂದು ಕೈಯಲ್ಲಿ ತೂರಿಸಬಹುದು, ಎಳೆಯಬಹುದು. ಅಂಥ ಅಮೆರಿಕದ ಕನ್ನಡಕ ತರಿಸಿದರೆ ಖರ್ಚು ಜಾಸ್ತಿ. ಮಲ್ಲೇಶ್ವರದ ಒಂದು ಕನ್ನಡಕದಂಗಡಿಯಲ್ಲಿ ನೇರವಾದ ತೆಳು ಲೋಹದ ಕಡ್ಡಿಯ ಸಾದಾ ಫ್ರೇಮ್ ಸಿಕ್ಕಿತು. ಅದಕ್ಕೆ ನನ್ನ ಪವರಿನ ಸಿಆರ್-39 ಪ್ಲಾಸ್ಟಿಕ್ ಲೆನ್ಸ್ ಹಾಕಿಸಿ, ಬೂದು ಬಣ್ಣ ಕೊಡಿಸಿದೆ. ಎಲ್ಲಾ ಸೇರಿ ನಾಲ್ಕು ಸಾವಿರ ಚಿಲ್ಲರೆ. ಈ ಸಿಆರ್-39ಕ್ಕೂ ವಿಮಾನಕ್ಕೂ ಹಳೇ ನಂಟು. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್‌ಗಳ ಇಂಧನ ಟ್ಯಾಂಕಿಗೆ ಬಳಸಿದ ಪ್ಲಾಸ್ಟಿಕ್ಕು ಇದು. ಗಾಜಿನ ಅರ್ಧದಷ್ಟೇ ತೂಕ. ನೋಟದ ಅಂಚಿನಲ್ಲಿ ಬಣ್ಣ ಸೀಳುವ ದೋಷ ಪಾಲಿಕಾರ್ಬೊನೇಟ್‌ಗಿಂತ ಬಹಳ ಕಡಿಮೆ. ಬಿಸಿ ಬಣ್ಣದ ನೀರಿನಲ್ಲಿ ಅದ್ದಿದರೆ ಬೇಕಾದಷ್ಟು ಬಣ್ಣ ಹೀರಿಕೊಳ್ಳುತ್ತದೆ.

ಅಂಗಡಿಯಲ್ಲಿ ಒಂದು ಗೊಂದಲ ಆಗುತ್ತದೆ, ಹುಷಾರು. ಅವರು 80 ಪರ್ಸೆಂಟ್ ಟಿಂಟ್ ಅಂದರೆ ಬೆಳಕು ತಡೆಯುವುದು 80, ಒಳಗೆ ಬಿಡುವುದು 20. ಜಿ-15ರಲ್ಲಿ ಅಂಕಿ ಹೇಳುವುದು ಒಳಗೆ ಬಿಡುವ ಪಾಲನ್ನು. ಎಫ್‌ಎಎ ಸಲಹೆ 70ರಿಂದ 85 ಪರ್ಸೆಂಟ್ ತಡೆದರೆ ಸಾಕು ಅಂತ. ನಾನು 80 ಮಾಡಿಸಿದೆ. ರೆಕ್ಕೆ ಮೇಲಿರುವ ವಿಮಾನದಲ್ಲಿ ಪ್ಯಾನೆಲ್ ನೆರಳಲ್ಲಿ ಇರುವುದರಿಂದ ಅದಕ್ಕಿಂತ ಕಪ್ಪು ಬೇಡ. ರೆಡಿಮೇಡ್ ಕೊಳ್ಳುವವರು ಕಡ್ಡಿಯ ಒಳಗೆ ಬರೆದಿರುವ ಕ್ಯಾಟಗರಿ ನೋಡಿ. 2 ಅಂದರೆ 18ರಿಂದ 43 ಪರ್ಸೆಂಟ್ ಬೆಳಕು ಒಳಗೆ, 3 ಅಂದರೆ 8ರಿಂದ 18. 4 ಇದ್ದರೆ ಅಲ್ಲೇ ವಾಪಸ್ ಇಡಿ, ಅದನ್ನು ಹಾಕಿಕೊಂಡು ಕಾರೂ ಓಡಿಸಬಾರದು. ಬಣ್ಣ ಹಾಕಿದ ಮಾತ್ರಕ್ಕೆ ನೇರಳಾತೀತ ಕಿರಣ ನಿಲ್ಲುವುದಿಲ್ಲ, ಯುವಿ-400 ಅಂತ ಬೇರೆಯಾಗಿ ಕೇಳಿ ಮಾಡಿಸಿಕೊಳ್ಳಿ. ಕಪ್ಪು ಲೆನ್ಸಿನ ಹಿಂದೆ ಪಾಪೆ ಅರಳಿರುತ್ತದೆ. ಯುವಿ ತಡೆ ಇಲ್ಲದಿದ್ದರೆ ಬರಿಗಣ್ಣಿಗಿಂತ ಕೆಟ್ಟದ್ದು.

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಫೋನಿನ ಪರದೆ ಮುಂದೆ ಕನ್ನಡಕ ಹಿಡಿದು ನಿಧಾನ ತಿರುಗಿಸಿ. ಪರದೆ ಕಪ್ಪಾದರೆ ಅದು ಪೋಲರೈಸ್ಡ್, ಚೀಟಿಯಲ್ಲಿ ಏನೇ ಬರೆದಿರಲಿ. ಪವರ್ ಇಲ್ಲದ್ದಾದರೆ ಕೈ ಚಾಚಿ ಹಿಡಿದು ಲೆನ್ಸ್ ಮೂಲಕ ಬಾಗಿಲಿನ ಚೌಕಟ್ಟು ನೋಡಿ, ಅತ್ತಿತ್ತ ಆಡಿಸಿ. ಗೆರೆ ನುಲಿದರೆ ಲೆನ್ಸ್ ಸರಿ ಇಲ್ಲ. ಆಮೇಲೆ ಹೆಡ್‌ಸೆಟ್ ಅಂಗಡಿಗೇ ತಗೊಂಡು ಹೋಗಿ. ನಾನು ಹೋಗಿದ್ದೆ, ಅಂಗಡಿಯವರು ಆಸಕ್ತಿಯಿಂದ ಐದಾರು ಫ್ರೇಮ್ ತೆಗೆದು ಕೊಟ್ಟರು.

ಈ ಐದನೆಯದನ್ನೇ ಒಂದು ವರ್ಷದಿಂದ ಹಾಕುತ್ತಿದ್ದೇನೆ. ಮಬ್ಬು ಬೆಳಗ್ಗೆ ಹದ್ದು ಕಾಣುವುದರಲ್ಲಿ ಕಂದಿಗಿಂತ ಹಿಂದೆ, ಗೀರಿಗೆ ಗಾಜಿನಷ್ಟು ತಡೆಯುವುದಿಲ್ಲ. ಆದರೂ ಹೆಡ್‌ಸೆಟ್ ಕೆಳಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ, ಬಣ್ಣ ಕೆಡುವುದಿಲ್ಲ, ಮಿಂಚು ತಪ್ಪುವುದಿಲ್ಲ. ಪವರ್ ಇರುವವರು ಹಾರುವಾಗ ಇನ್ನೊಂದು ಕನ್ನಡಕ ಕೈಗೆ ಸಿಗುವಂತೆ ಇಟ್ಟುಕೊಳ್ಳಲೇಬೇಕು ಅನ್ನುವುದು ನಿಯಮ. ನಾನು ಬಣ್ಣವಿಲ್ಲದ್ದನ್ನು ಶರ್ಟಿನ ಜೇಬಿನಲ್ಲಿ ಇಡುತ್ತೇನೆ. ಮೋಡ ಕವಿದರೆ ಒಂದೇ ಕೈಯಲ್ಲಿ ಅದಲುಬದಲು.

ಇನ್ನೊಂದು ಬಾಕಿ ಇದೆ. ಮೇಲೆ ಕಪ್ಪು, ಕೆಳಗೆ ಬರಬರುತ್ತಾ ತಿಳಿಯಾಗುವ ಗ್ರೇಡಿಯೆಂಟ್ ಟಿಂಟ್. ಹೊರಗಿನ ಬಿಸಿಲಿಗೂ ನೆರಳಿನ ಪ್ಯಾನೆಲ್ಲಿಗೂ ಒಟ್ಟಿಗೆ ಹೊಂದಬೇಕು. ಅದೇ ಫ್ರೇಮಿಗೆ, ಅದೇ ಬೂದು ಬಣ್ಣದಲ್ಲಿ ಆರ್ಡರ್ ಕೊಟ್ಟಿದ್ದೇನೆ. ಮುಂದಿನ ಶನಿವಾರ ಕೈಗೆ ಬರುತ್ತದೆ. ಮೊದಲು ನೆಲದ ಮೇಲೆ ರನ್-ಅಪ್, ಆಮೇಲೆ ಸಂಜೆ 26ರ ಫೈನಲ್.