ಕಲೆಲ್ಯ, ಲ್ಯಾಫ್ರಾಂಕ್, ತಮರಿಯು: ಮೂರೂ ಕಡೆ ಉಳಿದು ನೋಡಿದ ಮೇಲೆ

ಬಾರ್ಸೆಲೋನಾ ನೋಡಲು ಬರುವ ನಮ್ಮ ಕಡೆಯವರು ಎರಡನೇ ದಿನಕ್ಕೇ ಒಂದು ಪ್ರಶ್ನೆ ಕೇಳುತ್ತಾರೆ. "ಇಲ್ಲಿ ಗಲಾಟೆ ಇಲ್ಲದ ಬೀಚ್ ಎಲ್ಲಿದೆ?" ಅಷ್ಟರಲ್ಲಿ ನಗರದ ಬಾರ್ಸೆಲೊನೆತಾ ಬೀಚ್‌ನಲ್ಲಿ ಟವೆಲ್ ಹಾಸಲು ಜಾಗ ಸಿಗದೆ ತಲೆ ಕೆಟ್ಟಿರುತ್ತದೆ. ಸಿಟ್ಜೆಸ್ ಹತ್ತಿರ, ಆದರೆ ರೈಲಿದೆ. ಹಾಗಾಗಿ ಅಲ್ಲೂ ಜನವೋ ಜನ. ಯೊರೆತ್ ದೆ ಮಾರ್ ಅಂತೂ ರಾತ್ರಿಯಿಡೀ ಕುಣಿಯುವವರ ಊರು.

ನಾನು ಕಳಿಸುವುದು ಇನ್ನೂ ಉತ್ತರಕ್ಕೆ, ಸುಮಾರು 120 ಕಿಲೋಮೀಟರ್ ದೂರದ ಪಲಫ್ರುಜೆಲ್ ಕಡೆಗೆ. ಕೋಸ್ತಾ ಬ್ರಾವಾ ಅನ್ನುವ ಕರಾವಳಿ ಅದು. ಬಾರ್ಸೆಲೋನಾದಿಂದ ಕಡಲ ಪಕ್ಕದಲ್ಲೇ ಬರುವ ರೈಲು ಬ್ಲಾನೆಸ್ ದಾಟಿದ ಮೇಲೆ ಒಳನಾಡಿಗೆ ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ ಬಸ್ಸು ಅಥವಾ ಕಾರು ಮಾತ್ರ. ಗುಡ್ಡಗಳು ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. ನಡುನಡುವೆ ಸಿಕ್ಕಷ್ಟು ಮರಳು, ಅದರ ಹಿಂದೆ ಪುಟ್ಟ ಊರು. ಉದ್ದನೆಯ ಬೀಚೇ ಇಲ್ಲದ ಮೇಲೆ ಉದ್ದನೆಯ ಹೋಟೆಲ್ ಸಾಲು ಎಲ್ಲಿಂದ ಬರಬೇಕು?

ಪಲಫ್ರುಜೆಲ್ ಪಟ್ಟಣ ಕಡಲಿನಿಂದ ಸ್ವಲ್ಪ ಒಳಗಿದೆ. ಅದೇ ಪುರಸಭೆಗೆ ಸೇರಿದ ಮೂರು ಊರುಗಳು ಕಡಲ ಅಂಚಿನಲ್ಲಿವೆ: ಕಲೆಲ್ಯ, ಲ್ಯಾಫ್ರಾಂಕ್, ತಮರಿಯು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೂ ಎಲ್ಲಿ ರೂಮು ಮಾಡುತ್ತೀರಿ ಅನ್ನುವುದರ ಮೇಲೆ ರಜೆಯ ರುಚಿಯೇ ಬದಲಾಗುತ್ತದೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಉಳಿಯುವುದಾದರೆ ಕಲೆಲ್ಯ, ಈಜುವುದಾದರೆ ತಮರಿಯು. ಊರಿನಿಂದ ಬಂದಿದ್ದ ಅಪ್ಪ ಅಮ್ಮ ಇದನ್ನು ಒಪ್ಪುವುದಿಲ್ಲ. ಅವರ ಓಟು ಲ್ಯಾಫ್ರಾಂಕ್‌ಗೆ. ಅವರ ಕಾರಣಗಳೂ ಗಟ್ಟಿಯಾಗಿವೆ, ಆಮೇಲೆ ಹೇಳುತ್ತೇನೆ.

ಬುಕ್ ಮಾಡುವ ಮುನ್ನ ಒಂದು ಮಾತು. ಕಲೆಲ್ಯ ಅನ್ನುವ ಹೆಸರಿನ ಊರು ಎರಡಿವೆ. ಬಾರ್ಸೆಲೋನಾಕ್ಕೆ ಹತ್ತಿರ, ರೈಲು ದಾರಿಯಲ್ಲೇ ಇರುವ ಕಲೆಲ್ಯ ದೊಡ್ಡ ಊರು, ದೊಡ್ಡ ಹೋಟೆಲುಗಳ ಊರು. ನಮಗೆ ಬೇಕಾದದ್ದು ಕಲೆಲ್ಯ ದೆ ಪಲಫ್ರುಜೆಲ್. ಬುಕ್ಕಿಂಗ್ ಆ್ಯಪ್‌ಗಳಲ್ಲಿ ಬರೀ ಮೊದಲ ಪದ ಹೊಡೆದರೆ ಬರುವುದು ತಪ್ಪು ಊರೇ. ನನ್ನ ಪರಿಚಯದ ಒಂದು ಕುಟುಂಬ ಹಾಗೆ ಹೋಗಿ, "ನೀನು ಹೇಳಿದ ಬಂಡೆಗಳೆಲ್ಲಿ?" ಅಂತ ಅಲ್ಲಿಂದಲೇ ಫೋನ್ ಮಾಡಿತ್ತು.

ಕಲೆಲ್ಯ

ಇಲ್ಲಿ ಒಂದು ಬೀಚ್ ಇಲ್ಲ, ತುಂಡು ತುಂಡಾಗಿ ಹಲವು ಇವೆ. ಊರ ನಡುವೆ ಪೋರ್ಟ್ ಬೋ. ಅದರ ಎದುರು ಬಿಳಿ ಸುಣ್ಣದ ಮನೆಗಳು, ಕೆಳಗೆ ಕಮಾನುಗಳ ಸಾಲು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ಊರಿನ ಫೋಟೋ ಅಂತ ಎಲ್ಲ ಕಡೆ ಕಾಣುವುದು ಇದೇ. ಇನ್ನೊಂದು ಬದಿಗೆ ಕನದೆಲ್. ಇರುವುದರಲ್ಲಿ ಅದೇ ದೊಡ್ಡದು, ಅದಕ್ಕೇ ಮಕ್ಕಳಿರುವ ಮನೆಯವರೆಲ್ಲ ಅಲ್ಲಿ. ಪೋರ್ಟ್ ಪೆಲೆಗ್ರಿ ದಾಟಿ ದಕ್ಷಿಣಕ್ಕೆ ಕಡಲಂಚಿನ ಕಾಲುದಾರಿ ಹಿಡಿದರೆ, ಬಂಡೆ ಕೊರೆದು ಮಾಡಿದ ಸುರಂಗಗಳ ಮೂಲಕ ಗೊಲ್ಫೆತ್‌ಗೆ ಇಳಿಯುತ್ತೀರಿ. ಹಿಂದೆ ಕೆಂಪು ಬಂಡೆಯ ಗೋಡೆ, ಮುಂದೆ ನೀಲಿ ನೀರು. ಕಾಲ ಕೆಳಗೆ ಮಾತ್ರ ಕಲ್ಲು. ಬರಿಗಾಲಲ್ಲಿ ಕಷ್ಟ.

ಹೀಗೆ ಒಡೆದು ಹೋಗಿರುವುದೇ ಕಲೆಲ್ಯದ ಲಾಭ. ಬಂದ ಜನ ಹಂಚಿಹೋಗುತ್ತಾರೆ. ಒಂದು ಕಡೆ ಜಾಸ್ತಿ ಅನ್ನಿಸಿದರೆ ಚಪ್ಪಲಿ ಮೆಟ್ಟಿ ಮುಂದಿನದಕ್ಕೆ ಹೋದರಾಯಿತು. ಜುಲೈ ತಿಂಗಳಲ್ಲೂ ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಸಣ್ಣ ಬೀಚುಗಳು ಖಾಲಿ ಇರುತ್ತವೆ. ಇಲ್ಲಿಯವರು ತಡವಾಗಿ ಊಟ ಮಾಡಿ ತಡವಾಗಿ ಏಳುವವರು. ನಮ್ಮ ಬೇಗ ಏಳುವ ಅಭ್ಯಾಸ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಗೊಲ್ಫೆತ್ ದಾರಿಯಿಂದ ನೋಡಿದರೆ ದೂರದಲ್ಲಿ ಫೊರ್ಮಿಗೆಸ್ ಅನ್ನುವ ಬಂಡೆ ದ್ವೀಪಗಳು ಕಾಣುತ್ತವೆ. 1285ರಲ್ಲಿ ಅರಗಾನ್ ರಾಜ್ಯದ ನೌಕಾಪತಿ ರೊಜೆರ್ ದೆ ಲ್ಯೂರಿಯ ಫ್ರೆಂಚರ ಹಡಗುಗಳನ್ನು ಸೋಲಿಸಿದ್ದು ಅದರ ಹತ್ತಿರ. ಈಗ ಅಲ್ಲಿಗೆ ಹೋಗುವವರು ಮುಳುಗು ಹಾಕಿ ಮೀನು ನೋಡುವವರು. ಮೇಲೆ ಗುಡ್ಡದಲ್ಲಿ ಕಾಪ್ ರೋಜ್ ತೋಟವಿದೆ. ರಷ್ಯಾದ ಒಬ್ಬ ಕರ್ನಲ್ ಮತ್ತು ಅವರ ಇಂಗ್ಲಿಷ್ ಹೆಂಡತಿ 1920ರ ದಶಕದಲ್ಲಿ ಈ ಜಾಗಕ್ಕೆ ಮರುಳಾಗಿ ಶುರು ಮಾಡಿದ್ದು. ಬಿಸಿಲು ಏರುವ ಮುಂಚೆ ಹೋಗಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ. ಆಗ ಊರಿನ ರಸ್ತೆಗಳಲ್ಲಿ ಕಾರೋ ಕಾರು.

ಇನ್ನೊಂದು ದಿನವನ್ನು ನೆನಪಿಟ್ಟುಕೊಂಡು ಬುಕ್ ಮಾಡಿ: ಜುಲೈ ಮೊದಲ ಶನಿವಾರ. ಅಂದು ರಾತ್ರಿ ಪೋರ್ಟ್ ಬೋದಲ್ಲಿ ಅವನೆರೆಸ್ ಹಾಡುಗಳ ಕಾರ್ಯಕ್ರಮ. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯೂಬಾಕ್ಕೆ ಹೋಗಿಬರುತ್ತಿದ್ದ ನಾವಿಕರು, ವ್ಯಾಪಾರಿಗಳ ಜೊತೆ ಬಂದ ಹಾಡುಗಳಿವು. ದಡದಲ್ಲಿ ವೇದಿಕೆ, ನೀರಿನ ತುಂಬ ದೋಣಿ, ದೋಣಿಯ ತುಂಬ ಕೇಳುಗರು. ಕ್ರೆಮಾತ್ ಅಂತ ಒಂದು ಪಾನೀಯ ಮಾಡುತ್ತಾರೆ. ರಮ್‌ಗೆ ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ, ಕಾಫಿ ಬೀಜ ಹಾಕಿ ಬೆಂಕಿ ಹಚ್ಚುವುದು. ನೋಡಲು ಭಾರೀ ಚೆಂದ. ಆದರೆ ಶಾಂತಿ ಹುಡುಕಿಕೊಂಡು ಬಂದವರು ಆ ವಾರ ಇತ್ತ ಬರಬಾರದು. ಹಾಡು ಕೇಳುವ ಆಸೆ ಇದ್ದರೆ ತಿಂಗಳುಗಟ್ಟಲೆ ಮುಂಚೆ ರೂಮು ಹಿಡಿಯಬೇಕು.

ದೂರು ಇಲ್ಲವೇ? ಇದೆ. ಊರೆಲ್ಲ ಏರು, ಇಳಿಜಾರು, ಮೆಟ್ಟಿಲು. ಮಂಡಿನೋವಿನ ಅಮ್ಮ ಕನದೆಲ್‌ಗೆ ಒಮ್ಮೆ ಇಳಿದು ಹತ್ತಿದ ಮೇಲೆ, "ಸಮುದ್ರ ಮೇಲಿಂದಲೇ ಚೆನ್ನಾಗಿ ಕಾಣ್ತದೆ" ಅಂತ ಬೆಂಚಿನಲ್ಲಿ ಕೂತುಬಿಟ್ಟಳು.

ಲ್ಯಾಫ್ರಾಂಕ್

ಕಲೆಲ್ಯದಿಂದ ಲ್ಯಾಫ್ರಾಂಕ್‌ಗೆ ಕಡಲಂಚಿನ ದಾರಿಯಲ್ಲಿ ಅರ್ಧ ಗಂಟೆಯೂ ಬೇಡ. ಇಂಥ ದಾರಿಗಳಿಗೆ ಇಲ್ಲಿ ಕಮಿ ದೆ ರೊಂದಾ ಅನ್ನುತ್ತಾರೆ. ಹಿಂದೆ ಕಳ್ಳಸಾಗಣೆ ತಡೆಯಲು ಪೊಲೀಸರು ಗಸ್ತು ತಿರುಗುತ್ತಿದ್ದ ದಾರಿ. ಮೂರೂ ಊರುಗಳನ್ನು ಹೊಲಿದಿರುವುದು ಇದೇ.

ಲ್ಯಾಫ್ರಾಂಕ್‌ನಲ್ಲಿ ಒಂದೇ ಬೀಚ್. ಅಗಲವಾದ ಮರಳು, ಅದರ ಹಿಂದೆ ಸಮತಟ್ಟಾದ ನಡಿಗೆದಾರಿ, ಮರಗಳ ನೆರಳು, ಬೆಂಚು, ಕಾಫಿ ಅಂಗಡಿ, ತುದಿಯಲ್ಲಿ ವಿಹಾರದೋಣಿಗಳ ಪುಟ್ಟ ಬಂದರು. ಬಸ್ಸಿನಿಂದ ಇಳಿದು ಸ್ವಲ್ಪ ನಡೆದರೆ ಮರಳು. ಮೆಟ್ಟಿಲಿನ ಕಾಟವಿಲ್ಲ. ಅಪ್ಪ ಅಮ್ಮನಿಗೆ ಇಷ್ಟವಾದದ್ದು ಇದಕ್ಕೇ. ಬೆಳಿಗ್ಗೆ ಒಂದು ಸುತ್ತು ವಾಕಿಂಗ್, ಸಂಜೆ ಒಂದು ಸುತ್ತು. ಅಪ್ಪ ಅಂತೂ ದಿನಾ ಅದೇ ಬೆಂಚಿನಲ್ಲಿ ಕೂತು ಹೋಗಿಬರುವವರನ್ನು ನೋಡುತ್ತಿದ್ದರು. ಭಾಷೆ ಬಾರದಿದ್ದರೂ ಪಕ್ಕದ ಅಜ್ಜನ ಜೊತೆ ಅದೇನೋ ಮಾತಾಡುತ್ತಿದ್ದರು.

ನನಗೆ ಇಲ್ಲಿ ಹಿಡಿಸದ್ದು ಅದರ ಅಚ್ಚುಕಟ್ಟು. ಮೂರರಲ್ಲಿ ಹೆಚ್ಚು ಸಿಂಗರಿಸಿಕೊಂಡ ಊರು ಇದು. ರೇಟೂ ಹಾಗೇ. "ಸಮುದ್ರ ಕಾಣುವ ರೂಮು" ಅಂತ ನಾವು ಹಿಡಿದ ಕೋಣೆಯಲ್ಲಿ ಸಮುದ್ರ ಕಂಡದ್ದು ಬಚ್ಚಲಿನ ಕಿಟಕಿಯಿಂದ, ಅದೂ ತುದಿಗಾಲಲ್ಲಿ ನಿಂತಾಗ. ಎಲ್ಲರೂ ಒಂದೇ ಬೀಚ್‌ಗೆ ಇಳಿಯಬೇಕಾದ್ದರಿಂದ ಹನ್ನೊಂದು ಗಂಟೆಗೆಲ್ಲ ಕೊಡೆಗಳು ಒಂದಕ್ಕೊಂದು ತಾಗುತ್ತವೆ. ಹಗಲಿನ ಶಾಂತಿಯ ಲೆಕ್ಕ ಹಿಡಿದರೆ ಲ್ಯಾಫ್ರಾಂಕ್‌ಗೆ ಕೊನೆ ಸ್ಥಾನ.

ಅದರ ತಲೆಯ ಮೇಲಿರುವ ಸಂತ್ ಸೆಬಾಸ್ತಿಯಾ ಗುಡ್ಡಕ್ಕೆ ಮಾತ್ರ ನನ್ನ ಪೂರ್ತಿ ಅಂಕ. ಸಮುದ್ರದಿಂದ ಸುಮಾರು 170 ಮೀಟರ್ ಎತ್ತರದಲ್ಲಿ 1857ರ ಲೈಟ್‌ಹೌಸ್, ಪಕ್ಕದಲ್ಲೇ ಹಳೆಯ ಕಾವಲು ಗೋಪುರ, ಪುಟ್ಟ ಚರ್ಚು. ರೋಮನ್ನರಿಗೂ ಮುಂಚೆ ಇಲ್ಲಿದ್ದ ಐಬೀರಿಯನ್ ಜನರ ಊರಿನ ಅಡಿಪಾಯಗಳನ್ನೂ ಅಗೆದು ತೆಗೆದಿದ್ದಾರೆ. ಹತ್ತುವಾಗ ಏದುಸಿರು ಬಿಡಬೇಕಾಗುತ್ತದೆ. ಅಪ್ಪ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆವು.

ತಮರಿಯು

ಗುಡ್ಡದ ಆ ಕಡೆ ತಮರಿಯು. ಪೈನ್ ಮರಗಳ ಕಣಿವೆ ಕಡಲಿಗೆ ಬಂದು ಮುಗಿಯುವ ಜಾಗದಲ್ಲಿ ಒಂದು ಸಣ್ಣ ಬೀಚ್, ನಾಲ್ಕಾರು ಹೋಟೆಲು, ಅಷ್ಟೇ. ದಪ್ಪ ಹರಳಿನ ಮರಳು. ಮೈಗೆ ಅಂಟುವುದಿಲ್ಲ, ಒದರಿದರೆ ಉದುರುತ್ತದೆ. ನೀರು ಬೇಗನೆ ಆಳವಾಗುತ್ತದೆ. ಹಾಗಾಗಿ ಸಣ್ಣ ಮಕ್ಕಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು. ಈಜು ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಈ ಭಾಗದಲ್ಲಿ ಕಂಡಿಲ್ಲ. ಎರಡು ಬದಿಯ ಬಂಡೆಗಳ ಅಂಚಿಗೆ ಹೋಗಿ ಕನ್ನಡಕ ಹಾಕಿ ತಲೆ ಮುಳುಗಿಸಿದರೆ ಮೀನಿನ ಹಿಂಡು, ಕಡಲಹುಲ್ಲು ಎಲ್ಲ ಸ್ಪಷ್ಟ.

ಹೊನ್ನಾವರದ ಕಡಲಲ್ಲಿ ಬೆಳೆದ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಈ ನೀರೇ. ನಮ್ಮಲ್ಲಿ ಭರತ ಇಳಿತ ನೋಡಿಕೊಂಡು ನೀರಿಗಿಳಿಯಬೇಕು, ಮಳೆಗಾಲದಲ್ಲಿ ಹತ್ತಿರವೂ ಹೋಗುವಂತಿಲ್ಲ. ಮೆಡಿಟರೇನಿಯನ್‌ನಲ್ಲಿ ಭರತ ಇಳಿತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಳಿಗ್ಗೆ ಟವೆಲ್ ಇಟ್ಟ ಜಾಗದಲ್ಲೇ ಸಂಜೆಯೂ ದಡ. ಉಪ್ಪೂ ಜಾಸ್ತಿ. ಲೀಟರಿಗೆ 38 ಗ್ರಾಂ ಆಸುಪಾಸು. ಅರಬ್ಬಿ ಸಮುದ್ರಕ್ಕಿಂತ ತುಸು ಹೆಚ್ಚು, ಮೈ ಸುಲಭವಾಗಿ ತೇಲುತ್ತದೆ. ನೀರಿನಲ್ಲಿ ಪೋಷಕಾಂಶ ಕಡಿಮೆ, ಪಾಚಿಯೂ ಕಡಿಮೆ. ಅದಕ್ಕೇ ಇಷ್ಟು ತಿಳಿ. ಆದರೆ ಒಂದು ಕೊರತೆ ಇದೆ. ಸೂರ್ಯ ಮುಳುಗುವುದು ಗುಡ್ಡದ ಹಿಂದೆ. ಕಡಲಿಗೆ ಇಳಿಯುವ ಕೆಂಪು ಸೂರ್ಯನ ಫೋಟೋ ಬೇಕಿದ್ದವರು ಮರವಂತೆಗೆ ಹೋಗಬೇಕು.

ಹಾಗಾದರೆ ತಮರಿಯುವಿನಲ್ಲೇ ಯಾಕೆ ಉಳಿಯಬಾರದು? ಕಾರಿದ್ದರೆ ಉಳಿಯಿರಿ. ಬಸ್ಸು ತೀರಾ ಕಡಿಮೆ, ಬೇಸಿಗೆ ಬಿಟ್ಟರೆ ನೆಚ್ಚುವಂತಿಲ್ಲ. ಊರಿನಲ್ಲಿ ಅಂಗಡಿಗಳೂ ಬೆರಳೆಣಿಕೆ. ಸೆಪ್ಟೆಂಬರ್ ಕೊನೆಗೆ ನಾವು ಹೋದಾಗ ರಾತ್ರಿ ಎಷ್ಟು ನಿಶ್ಶಬ್ದ ಅಂದರೆ, ಎರಡನೇ ರಾತ್ರಿಗೆ ಹೆಂಡತಿ "ಯಾರಾದರೂ ಜಗಳವಾದರೂ ಆಡಬಾರದಾ" ಅಂದಳು. ಬೇಸಿಗೆಯ ಮಧ್ಯಾಹ್ನ ಇದಕ್ಕೆ ಉಲ್ಟಾ. ಬೀಚ್ ಚಿಕ್ಕದು, ಕಾರಿನಲ್ಲಿ ಬರುವವರು ಬಹಳ. ಹೊತ್ತು ಏರಿದ ಮೇಲೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೃಷ್ಟ. ಸಂಜೆ ಅವರೆಲ್ಲ ಹೊರಟ ಮೇಲೆ ಬೀಚ್ ಮತ್ತೆ ನಿಮ್ಮದು.

ಲ್ಯಾಫ್ರಾಂಕ್‌ನಿಂದ ಲೈಟ್‌ಹೌಸ್ ಮೇಲೆ ಹಾದು ತಮರಿಯುಗೆ ನಡೆದು ಬರುವುದು ನನ್ನ ಇಷ್ಟದ ಕೆಲಸ. ಎರಡು ಗಂಟೆ ಇಟ್ಟುಕೊಳ್ಳಿ. ದಾರಿಯಲ್ಲಿ ಕಾಲಾ ಪೆದ್ರೊಜಾ ಸಿಗುತ್ತದೆ, ಬರೀ ಉರುಟು ಕಲ್ಲುಗಳ ಕಿರುಕೊಲ್ಲಿ. ಅಂಗಡಿ ಇಲ್ಲ, ರಸ್ತೆ ಇಲ್ಲ. ನೀರು, ಟೋಪಿ, ಗಟ್ಟಿ ಶೂ ಬೇಕು. ನಾನು ಶೂ ಬಿಚ್ಚಿ ಅಲ್ಲೇ ಒಂದು ಮುಳುಗು ಹಾಕಿ ಮುಂದೆ ಹೋಗುತ್ತೇನೆ.

ಗಾಳಿಯನ್ನೂ ನೋಡಬೇಕು. ಮಧ್ಯಾಹ್ನದ ಮೇಲೆ ನೈಋತ್ಯದಿಂದ ಗರ್ಬಿ ಬೀಸಿದರೆ ಕಲೆಲ್ಯ, ಲ್ಯಾಫ್ರಾಂಕ್ ಎರಡರಲ್ಲೂ ಅಲೆ ಏಳುತ್ತದೆ, ತಮರಿಯು ತಣ್ಣಗಿರುತ್ತದೆ. ಪೂರ್ವದ ಗಾಳಿ ಬಂದರೆ ಪೆಟ್ಟು ತಮರಿಯುಗೆ. ಮೂರೂ ಹತ್ತಿರ ಇರುವುದರಿಂದ ಗಾಳಿ ನೋಡಿ ಬೀಚ್ ಬದಲಿಸಬಹುದು. ಬೇಸಿಗೆಯಲ್ಲಿ ಕಾವಲಿನವರು ಬಾವುಟ ಹಾರಿಸುತ್ತಾರೆ. ಕೆಂಪು ಇದ್ದರೆ ಇಳಿಯಬೇಡಿ. ಬಂಡೆಗಳ ಮೇಲೆ ಮುಳ್ಳುಚೆಂಡಿನಂಥ ಕಡಲ ಜೀವಿಗಳಿರುತ್ತವೆ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ರಬ್ಬರ್ ಶೂ ಹಾಕಿಕೊಳ್ಳಿ.

ಹೊಟ್ಟೆಪಾಡು

ಮೀನು ತಿನ್ನುವವರಿಗೆ ಮೂರೂ ಊರು ಹಬ್ಬ. ಸುಕೆತ್ ಅನ್ನುವ ಮೀನು ಸಾರು ಕೇಳಿ, ಪಕ್ಕದ ಪಲಮೋಸ್ ಬಂದರಿನ ಸೀಗಡಿ ಕೇಳಿ. ಸಸ್ಯಾಹಾರಿಗಳಿಗೆ ಸ್ವಲ್ಪ ತಲೆನೋವು. ಮೊಟ್ಟೆಯನ್ನೂ ಮುಟ್ಟದ ಅಮ್ಮನ ಜೊತೆ ಸುತ್ತಿದ ಅನುಭವದ ಮೇಲೆ ಹೇಳುತ್ತೇನೆ. "ಸಸ್ಯಾಹಾರಿ" ಅಂತಷ್ಟೇ ಹೇಳಿದರೆ ಸಲಾಡ್‌ನ ಮೇಲೆ ಟ್ಯೂನಾ ಮೀನು ಹಾಕಿ ತರುವವರಿದ್ದಾರೆ. ಅನ್ನದ ಐಟಂಗಳಲ್ಲಿ ಮೀನಿನ ಸ್ಟಾಕ್ ಇರುತ್ತದೆ. ಹಾಗಾಗಿ ಬಿಡಿಸಿ ಹೇಳಬೇಕು: ಸೆನ್ಸೆ ಕಾರ್ನ್, ಸೆನ್ಸೆ ಪೆಶ್, ಸೆನ್ಸೆ ಓವ್. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ನೆಚ್ಚಿಕೊಳ್ಳಬಹುದಾದದ್ದು ಟೊಮೆಟೊ ಉಜ್ಜಿ ಎಣ್ಣೆ ಉಪ್ಪು ಹಾಕಿದ ಬ್ರೆಡ್, ಒಣದ್ರಾಕ್ಷಿ ಮತ್ತು ಪೈನ್ ಬೀಜ ಹಾಕಿದ ಪಾಲಕ್, ಮತ್ತೆ ಎಸ್ಕಲಿವಾದ. ಅದು ಕೆಂಡದಲ್ಲಿ ಸುಟ್ಟ ಬದನೆ, ದೊಣ್ಣೆಮೆಣಸಿನಕಾಯಿ. "ಒಗ್ಗರಣೆ ಹಾಕೋದು ಮರೆತ ಗೊಜ್ಜು" ಅಂತ ಅಮ್ಮನ ವಿಮರ್ಶೆ. ಆದರೂ ತಟ್ಟೆ ಖಾಲಿ ಮಾಡಿದಳು.

ರಾತ್ರಿ ಎಂಟಕ್ಕೆ ಮುಂಚೆ ಹಲವು ಕಡೆ ಅಡುಗೆಮನೆ ತೆರೆಯುವುದಿಲ್ಲ. ಏಳಕ್ಕೇ ಉಣ್ಣುವ ಹಿರಿಯರಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಭಾನುವಾರ ಬೆಳಿಗ್ಗೆ ಪಲಫ್ರುಜೆಲ್ ಸಂತೆಗೆ ಹೋದರೆ ವಾರಕ್ಕಾಗುವಷ್ಟು ತರಕಾರಿ, ಹಣ್ಣು ತರಬಹುದು. ಇಲ್ಲೂ ಆಯ್ಕೆ ಮುಖ್ಯವಾಗುತ್ತದೆ. ಕಲೆಲ್ಯ, ಲ್ಯಾಫ್ರಾಂಕ್‌ನಿಂದ ಸಂತೆಗೆ ಬಸ್ಸಿದೆ. ತಮರಿಯುದಿಂದ ಟ್ಯಾಕ್ಸಿಯೇ ಗತಿ.

ಯಾವಾಗ ಹೋಗಬೇಕು

ಆಗಸ್ಟ್ ಬೇಡ. ಬಾರ್ಸೆಲೋನಾದ ಅರ್ಧ ಜನ ಆಗ ಇಲ್ಲೇ ಇರುತ್ತಾರೆ, ಬಾಡಿಗೆ ಮುಗಿಲು ಮುಟ್ಟುತ್ತದೆ. ಜೂನ್ ಮೊದಲ ಭಾಗ ಚೆನ್ನಾಗಿದೆ, ಆದರೆ ನೀರು ಇನ್ನೂ ತಣ್ಣಗೆ. 23ರ ರಾತ್ರಿ ಸಂತ್ ಜೊವಾನ್ ಹಬ್ಬ. ಬೆಳಗಿನವರೆಗೂ ಬೆಂಕಿ, ಪಟಾಕಿ, ನಮ್ಮ ದೀಪಾವಳಿಗೇನೂ ಕಡಿಮೆ ಇಲ್ಲ. ನನ್ನ ಆಯ್ಕೆ ಸೆಪ್ಟೆಂಬರ್ ನಡುಭಾಗ. ಬೇಸಿಗೆಯಿಡೀ ಕಾದ ನೀರು ಬೆಚ್ಚಗಿರುತ್ತದೆ, ಶಾಲೆ ಶುರುವಾಗಿರುತ್ತದೆ, ಹೋಟೆಲುಗಳು ಇನ್ನೂ ತೆರೆದಿರುತ್ತವೆ. 11ನೇ ತಾರೀಕು ಕ್ಯಾಟಲೋನಿಯಾದ ನಾಡಹಬ್ಬದ ರಜೆ. ಅದು ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ಆ ನಾಲ್ಕು ದಿನ ಬಿಟ್ಟು ನೋಡಿ. ಬಸ್ಸು ಹೊರಡುವುದು ಬಾರ್ಸೆಲೋನಾದ ಎಸ್ತಸಿಯೋ ದೆಲ್ ನೋರ್ದ್ ನಿಲ್ದಾಣದಿಂದ. ಪಲಫ್ರುಜೆಲ್‌ಗೆ ಎರಡು ಗಂಟೆಗೂ ಮಿಕ್ಕಿ ಬೇಕು. ಶುಕ್ರವಾರ ಸಂಜೆ ಹೋಗಿ, ಭಾನುವಾರ ಸಂಜೆ ಮರಳುವ ಯೋಚನೆ ಇದ್ದರೆ ಎರಡೂ ಕಡೆಯ ಟಿಕೆಟ್ ಮುಂಚೆಯೇ ಮಾಡಿಸಿಕೊಳ್ಳಿ. ಆ ಎರಡು ಹೊತ್ತಿನ ಬಸ್ಸುಗಳೇ ಮೊದಲು ತುಂಬುವುದು.