ಗ್ಯಾಲಕ್ಸಿ ಎ54: ಮಲೆನಾಡಿನ ತೋಟದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ54 ನಮ್ಮ ದೇಶಕ್ಕೆ ಬಂದಿದ್ದು 2023ರ ಮಾರ್ಚ್‌ನಲ್ಲಿ. ಆ ವರ್ಷ ಮಳೆ ಹಿಡಿಯುವ ಮೊದಲೇ ತಗೊಂಡೆ. ಅಲ್ಲಿಂದ ಇಲ್ಲಿಯವರೆಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಅಡಿಕೆ ತೋಟಕ್ಕೂ ಮನೆಗೂ ಪೇಟೆಗೂ ಇದೊಂದೇ ಫೋನ್. ಹೊಸ ಫೋನ್ ನೋಡುತ್ತಿರುವವರು ಸಿಕ್ಕಾಗೆಲ್ಲ ಕೇಳುವುದು ಒಂದೇ: ಕ್ಯಾಮೆರಾ ಎಷ್ಟು ಎಂಪಿ (ಮೆಗಾಪಿಕ್ಸೆಲ್), ರ‍್ಯಾಮ್ ಎಷ್ಟು? ನನ್ನ ಪ್ರಕಾರ ಅದೆಲ್ಲ ಆಮೇಲಿನ ಮಾತು. ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಮನೆಯೊಳಗೆ ಕೂತಾಗ ಕಾಲ್ ಬರುತ್ತದಾ ಅನ್ನೋದು.

ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಅಂಗಳದಲ್ಲಿ ಒಂದು ಕಡ್ಡಿ ಸಿಗ್ನಲ್, ಜಗಲಿಗೆ ಬಂದರೆ ಅದೂ ಇಲ್ಲ. ಮೊದಲೆಲ್ಲ ಯಾರಿಗಾದರೂ ಫೋನ್ ಮಾಡಬೇಕಾದರೆ ದರೆ ಹತ್ತಬೇಕಿತ್ತು. ಊರಿಗೆ ಫೈಬರ್ ಇಂಟರ್ನೆಟ್ ಬಂದ ಮೇಲೆ ಈ ಕಷ್ಟ ತಪ್ಪಿಸಿದ್ದು ವೈಫೈ ಕಾಲಿಂಗ್, ಅಂದರೆ ಟವರ್ ಬದಲು ಮನೆಯ ವೈಫೈ ಮೂಲಕವೇ ಕಾಲ್ ಬರುವ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಆನ್ ಮಾಡಿದರೆ ಸಾಕು, ಮಾಮೂಲಿ ನಂಬರ್‌ಗೇ ಕಾಲ್ ಬರುತ್ತದೆ, ಬೇರೆ ಆ್ಯಪ್ ಬೇಡ. ಬ್ಯಾಂಕಿನ ಒಟಿಪಿಯೂ ಹಾಗೇ ಬರುತ್ತದೆ. ಎ54ರಲ್ಲಿ ಇದು ಮೊದಲ ದಿನದಿಂದ ಇವತ್ತಿನವರೆಗೆ ಚೆನ್ನಾಗಿ ನಡೆದಿದೆ. ಆದರೆ ಫೋನಿನಲ್ಲಿ ಈ ಸೌಲಭ್ಯ ಇದೆ ಅಂದರಷ್ಟೇ ಸಾಲದು, ನಿಮ್ಮ ಸಿಮ್ ಕಂಪನಿಯ ಜೊತೆಗೂ ಅದು ಹೊಂದಬೇಕು. ಅಂಗಡಿಯಲ್ಲಿ ನಿಮ್ಮದೇ ಸಿಮ್ ಹಾಕಿ, ಆ ಆಯ್ಕೆ ಕಾಣುತ್ತದಾ ನೋಡಿ. ಹಣ ಕೊಡುವುದು ಆಮೇಲೆ. ಇನ್ನೊಂದು ಮಾತು. ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಅದರ ಜೊತೆ ಫೋನೂ ಮೂಕವಾಗುತ್ತದೆ. ಹಾಗಾಗಿ ರೂಟರ್‌ಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ಒಂದು ಹಾಕಿಸಿ. ನಮ್ಮಲ್ಲಿ ಮಳೆಗಾಲದಲ್ಲಿ ಅದಿಲ್ಲದೆ ಆಗೋದೇ ಇಲ್ಲ.

ಬ್ಯಾಟರಿಯ ಮಾತಿಗೂ ಸಿಗ್ನಲ್ ಮಾತಿಗೂ ನಂಟಿದೆ. ಎ54ರದ್ದು 5000 ಎಂಎಎಚ್ ಬ್ಯಾಟರಿ. ಇದೇ ಫೋನ್ ಶಿವಮೊಗ್ಗದಲ್ಲಿದ್ದಾಗ ಬಾಳಿಕೆ ಬರುವಷ್ಟು ನಮ್ಮ ತೋಟದಲ್ಲಿ ಬರುವುದಿಲ್ಲ. ಟವರ್ ದೂರ ಇದ್ದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಸಿಗ್ನಲ್ ಕಳಿಸಬೇಕು, ಹುಡುಕುತ್ತಲೇ ಇರಬೇಕು. ಇದು ಯಾವ ಕಂಪನಿಯ ಫೋನಿಗಾದರೂ ಒಂದೇ. ಮನೆಗೆ ಬಂದ ಮೇಲೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಇಟ್ಟರೆ ಕಾಲ್ ವೈಫೈನಲ್ಲೇ ಬರುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಮಾಡಿ ನೋಡಿ. ರಾತ್ರಿಯಿಡೀ ಇಟ್ಟರೂ ಬ್ಯಾಟರಿ ಇಳಿಯುವುದು ಅಷ್ಟಕ್ಕಷ್ಟೇ.

ಚಾರ್ಜಿಂಗ್ 25 ವ್ಯಾಟ್. ಇದೇ ಬೆಲೆಗೆ ಇದಕ್ಕಿಂತ ಎಷ್ಟೋ ಬೇಗ ಚಾರ್ಜ್ ಆಗುವ ಫೋನ್‌ಗಳು ಆಗಲೇ ಇದ್ದವು. ಡಬ್ಬಿಯಲ್ಲಿ ಚಾರ್ಜರ್ ಬರುವುದಿಲ್ಲ, ಬೇರೆ ತಗೋಬೇಕು. ಅವಸರದವರು ಇದನ್ನು ಗಮನದಲ್ಲಿಟ್ಟುಕೊಳ್ಳಿ. ನನಗೆ ಇದಕ್ಕಿಂತ ಮುಖ್ಯವಾದದ್ದು ಬ್ಯಾಟರಿ ಪೂರ್ತಿ ತುಂಬದಂತೆ ತಡೆಯುವ ಸೆಟ್ಟಿಂಗ್. ಮೊದಲು 85 ಪರ್ಸೆಂಟ್‌ಗೆ ನಿಲ್ಲಿಸುತ್ತಿತ್ತು, ಅಪ್‌ಡೇಟ್ ಆದ ಮೇಲೆ 80ಕ್ಕೆ ನಿಲ್ಲಿಸುವ ಆಯ್ಕೆ ಬಂತು. ಲಿಥಿಯಂ ಬ್ಯಾಟರಿ ಸದಾ ಪೂರ್ತಿ ತುಂಬಿ, ಬಿಸಿಯಲ್ಲಿ ಇದ್ದರೆ ಬೇಗ ಮುಪ್ಪಾಗುತ್ತದೆ. ತಗೊಂಡ ಹೊಸದರಲ್ಲೇ ಇದನ್ನು ಆನ್ ಮಾಡಿಟ್ಟಿದ್ದರಿಂದ ಇವತ್ತಿಗೂ ಬೆಳಿಗ್ಗೆ ಚಾರ್ಜರ್ ಕಿತ್ತ ಫೋನ್ ರಾತ್ರಿ ಊಟದವರೆಗೆ ಬರುತ್ತದೆ.

ಇನ್ನು ಮಳೆ. ಎ54ಗೆ ಐಪಿ67 ರೇಟಿಂಗ್ ಇದೆ. ಅಂದರೆ ಒಂದು ಮೀಟರ್ ಆಳದ ಸಿಹಿ ನೀರಿನಲ್ಲಿ 30 ನಿಮಿಷ ಇದ್ದರೂ ತಡೆಯಬೇಕು. ಸಮುದ್ರದ ನೀರಿಗೆ, ಸೋಪಿನ ನೀರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಾನು ಬೇಕೂಂತ ನೀರಿಗೆ ಹಾಕಿಲ್ಲ, ಯಾರೂ ಹಾಕಬಾರದು ಕೂಡ. ಆದರೆ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ದಿನ ತೋಟದಲ್ಲಿ ನಿಂತವರಿಗೆ ಗೊತ್ತು. ಮೇಲಿಂದ ಬೋರ್ಡೋ ದ್ರಾವಣ ತುಂತುರಾಗಿ ಬೀಳುತ್ತಿರುತ್ತದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಮೇಲಿಂದ ಕೂಗುತ್ತಿರುತ್ತಾರೆ, ಅದರ ನಡುವೆ ಯಾರದ್ದೋ ಕಾಲ್. ಆ ದ್ರಾವಣದ ಮೈಲುತುತ್ತು, ಸುಣ್ಣದ ನೀಲಿ ಚುಕ್ಕೆ ಸ್ಕ್ರೀನ್ ತುಂಬ. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಇಟ್ಟರೆ ಆಯಿತು. ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಕೇಬಲ್ ಹಾಕಬಾರದು, ಇದು ಮಾತ್ರ ಕಡ್ಡಾಯ. ಒದ್ದೆ ಬೆರಳಿಗೆ, ಅಡಿಕೆ ಚೊಗರು ಹತ್ತಿದ ಬೆರಳಿಗೆ ಬೆರಳಚ್ಚನ್ನು ನಂಬಿ ಕೂರಬೇಡಿ, ಪಿನ್ ನಂಬರ್ ಇಟ್ಟುಕೊಳ್ಳಿ.

ಕ್ಯಾಮೆರಾ ವಿಷಯ ಬೇಗ ಮುಗಿಸುತ್ತೇನೆ. 50 ಎಂಪಿ ಅಂತ ಬರೆದಿದ್ದರೂ ಮಾಮೂಲಿ ಫೋಟೊದಲ್ಲಿ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತವೆ, ಕೈಗೆ ಸಿಗುವುದು 12 ಎಂಪಿ ಆಸುಪಾಸಿನ ಚಿತ್ರ. ಸಂಖ್ಯೆಗಿಂತ ಒಐಎಸ್ ಇದೆಯಾ ಕೇಳಿ. ಅದು ಕೈ ಅಲುಗಾಡಿದರೂ ಲೆನ್ಸನ್ನು ಸ್ಥಿರವಾಗಿ ಹಿಡಿಯುವ ಏರ್ಪಾಡು. ಎ54ರ ಮುಖ್ಯ ಕ್ಯಾಮೆರಾದಲ್ಲಿ ಅದಿದೆ. ತೋಟದ ನೆರಳಿನಲ್ಲಿ ಎಲೆಚುಕ್ಕಿ ರೋಗದ ಫೋಟೊ ತೆಗೆದು ತೋಟಗಾರಿಕೆಯವರಿಗೆ ಕಳಿಸಬೇಕಾದಾಗ ಇದು ಕೆಲಸಕ್ಕೆ ಬಂದಿದೆ. ಹಳದಿ ಅಂಚು, ನಡುವಿನ ಕಂದು ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಇದಕ್ಕೆ ತೀರ ಹತ್ತಿರದ ಫೋಟೊಗೆ ಅಂತ ಇರುವ 5 ಎಂಪಿ ಮ್ಯಾಕ್ರೋ ಕ್ಯಾಮೆರಾ ಬೇಡ, ಮುಖ್ಯ ಕ್ಯಾಮೆರಾದಲ್ಲೇ ತೆಗೆದು ಹಿಗ್ಗಿಸಿ. ಜಿಪಿಎಸ್ ಕೂಡ ನಮಗೆ ಬೇಕೇ ಬೇಕು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಜಮೀನಿನಲ್ಲೇ ನಿಂತು ಫೋಟೊ ತೆಗೆಯಬೇಕು, ಜಮೀನಿನ ನಕ್ಷೆ ತೋರಿಸುವ ಸರ್ಕಾರಿ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಬೇಕು.

ರ‍್ಯಾಮ್ ಬಗ್ಗೆ ಅಂಗಡಿಯಲ್ಲಿ "8 ಪ್ಲಸ್ 8, ಒಟ್ಟು 16" ಅಂತ ಹೇಳಿದರೆ ನಂಬಿಬಿಡಬೇಡಿ. ಎರಡನೆಯ 8 ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜ್‌ನಿಂದ ಎರವಲು ತಗೊಂಡ ಜಾಗ. ಅದರ ವೇಗ ತುಂಬಾ ಕಡಿಮೆ. ಅದಕ್ಕಿಂತ ಸಿಮ್ ಟ್ರೇ ನೋಡಿ. ಎ54ರಲ್ಲಿ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡ್ ಒಂದೇ ಜಾಗ ಹಂಚಿಕೊಳ್ಳುತ್ತವೆ. ನಮ್ಮಲ್ಲಿ ಊರಲ್ಲಿ ಒಂದು ನೆಟ್‌ವರ್ಕ್, ಪೇಟೆಯಲ್ಲಿ ಇನ್ನೊಂದು ಬೇಕಾಗುವುದರಿಂದ ಎರಡು ಸಿಮ್ ಬಿಡೋಕಾಗಲ್ಲ. ಅದಕ್ಕೇ ನಾನು 256 ಜಿಬಿಯದ್ದನ್ನೇ ತಗೊಂಡೆ. ವಾಟ್ಸ್ಆ್ಯಪ್ ಗುಂಪುಗಳ ವೀಡಿಯೊ, ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ ಅನ್ನುವ ಬಗೆಗಳ ರೇಟಿನ ಚಿತ್ರಗಳು ತುಂಬಿಕೊಂಡರೂ ಇನ್ನೂ ಜಾಗವಿದೆ.

ಸ್ಕ್ರೀನ್ 6.4 ಇಂಚು. ಉರಿಬಿಸಿಲಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತರೂ ಓದಬಹುದು. ಅಕ್ಷರ ಎಷ್ಟು ಚಿಕ್ಕದಾದರೂ ಇಂಗ್ಲಿಷ್ ಹೇಗೋ ಓದಿಸಿಕೊಂಡು ಹೋಗುತ್ತದೆ, ಕನ್ನಡದ ಒತ್ತಕ್ಷರ ಹಾಗಲ್ಲ. ಅಂಗಡಿಯಲ್ಲೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಒಂದು ಸುದ್ದಿ ತೆರೆದು, ಕೈ ಚಾಚಿ ಹಿಡಿದು ನೋಡಿ. "ರಾಷ್ಟ್ರ" ಅನ್ನುವ ಪದದ ಒತ್ತು ಕಾಣುತ್ತದಾ? ಅಪ್ಪನಿಗೆ ಫೋನ್ ಆರಿಸುವಾಗಲೂ ನಾನು ಇದನ್ನೇ ಮಾಡಿದ್ದು.

ಅಪ್‌ಡೇಟ್ ವಿಷಯದಲ್ಲಿ ಇದು ಕೊಟ್ಟ ಮಾತು ಉಳಿಸಿಕೊಂಡಿದೆ. ಆಂಡ್ರಾಯ್ಡ್ 13ರ ಜೊತೆ ಬಂದ ಫೋನಿಗೆ ನಾಲ್ಕು ದೊಡ್ಡ ಅಪ್‌ಡೇಟ್, ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಮೊದಲೇ ಹೇಳಿದ್ದರು. ಈಗಾಗಲೇ 14, 15, 16 ಬಂದಿವೆ. ಯುಪಿಐ, ಬ್ಯಾಂಕ್ ಆ್ಯಪ್ ಎಲ್ಲ ಇದರಲ್ಲೇ ಇರುವಾಗ ಈ ಐದು ವರ್ಷಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಸರ್ವಿಸ್ ಸೆಂಟರ್ ಎಷ್ಟು ದೂರ ಅಂತಲೂ ವಿಚಾರಿಸಿಕೊಳ್ಳಿ. ನನ್ನ ಹಿಂದಿನ ಫೋನ್ ಬೇರೆ ಬ್ರ್ಯಾಂಡಿನದು, ಬೆಲೆಗೆ ಹೋಲಿಸಿದರೆ ಎಲ್ಲದರಲ್ಲೂ ಮುಂದಿತ್ತು. ಡಿಸ್‌ಪ್ಲೇ ಹೋದಾಗ ಬಿಡಿಭಾಗ ಬರಲು ವಾರಗಟ್ಟಲೆ ಕಾಯಿಸಿದರು, ಕೇಳಿದಾಗೆಲ್ಲ "ನಾಳೆ ಬರುತ್ತೆ ಸರ್" ಅನ್ನುತ್ತಿದ್ದರು.

ಎ54 ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹೆಚ್ಚಾಗಿ ಸಿಗುತ್ತದೆ. ತಗೊಳ್ಳುವುದಾದರೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ನೋಡಿಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿ, ಕದ್ದದ್ದು ಅಂತ ದೂರು ಹೋಗಿ ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಿಂಬದಿಯ ಗಾಜು ಯಾವಾಗಲಾದರೂ ಬಿಚ್ಚಿಸಿದ್ದಾರಾ ಕೇಳಿ. ಬಿಚ್ಚಿಸಿದ್ದರೆ ನೀರು ತಡೆಯುವ ಅಂಟು ಸರಿಯಾಗಿ ಕೂತಿದೆ ಅಂತ ಹೇಳಲಾಗದು, ಅಂಥದ್ದನ್ನು ಮಳೆಗೆ ಒಯ್ಯಬೇಡಿ.